ಸೇಬು ಬಿದ್ದು ಮೂಡಿದ ಮಚ್ಚೆ

ಇಂಗ್ಲೆಂಡಿನ ನೈಋತ್ಯದಲ್ಲಿ, ಸೆವರ್ನ್ ನದಿಯ ದಂಡೆಯಲ್ಲಿ ಗ್ಲಾಸ್ಟರ್‌ಶೈರ್ ಎಂಬ ಸೀಮೆಯಿದೆ. ಆ ಸೀಮೆಯ ಹಂದಿಯ ಮೈ ಬಿಳಿ. ಅಲ್ಲೊಂದು ಇಲ್ಲೊಂದು ಕಪ್ಪು ಮಚ್ಚೆ. ಮಚ್ಚೆ ಹೇಗೆ ಬಂತೆಂದು ಕೇಳಿದರೆ ಹಳ್ಳಿಗರ ಉತ್ತರ ಸಿದ್ಧ: ತೋಪಿನಲ್ಲಿ ಮೇಯುವಾಗ ಮರದಿಂದ ಸೇಬು ಬಿದ್ದು ಕಂದಿದ ಗುರುತು!

ಇದು ಕಟ್ಟುಕಥೆಯೇ. ಆದರೆ ಅದರ ಹಿಂದಿನ ಬದುಕು ಸುಳ್ಳಲ್ಲ. ಅಲ್ಲಿನ ರೈತರು ಸೇಬಿನಿಂದ ಸೈಡರ್ ಎಂಬ ಮದ್ಯವನ್ನೂ ಹಾಲಿನಿಂದ ಚೀಸನ್ನೂ ಮಾಡುತ್ತಿದ್ದರು. ಉದುರಿದ ಹಣ್ಣು, ಚೀಸ್ ತೆಗೆದ ಮೇಲೆ ಉಳಿದ ಹಾಲಿನ ನೀರು ಎರಡೂ ಹಂದಿಯ ಪಾಲು. ಕಣ್ಣನ್ನೇ ಮುಚ್ಚುವಂಥ ಜೋಲುಕಿವಿ, ಸಾಧು ಸ್ವಭಾವ. ‘ಹಣ್ಣಿನ ತೋಪಿನ ಹಂದಿ’ ಎಂದೇ ಅದಕ್ಕೆ ಅಡ್ಡಹೆಸರು. 1913ರಲ್ಲಿ ಸಾಕುವವರು ಸಂಘ ಕಟ್ಟಿಕೊಂಡರು. ತಳಿಗೆ ಇಟ್ಟ ಹೆಸರು ‘ಗ್ಲಾಸ್ಟರ್‌ಶೈರ್ ಓಲ್ಡ್ ಸ್ಪಾಟ್ಸ್’. ದಾಖಲೆಗೆ ಸೇರುವಾಗಲೇ ಅದು ‘ಹಳೆಯದು’ ಎನಿಸಿಕೊಂಡಿತ್ತು. ಮೈಮೇಲೆ ಸ್ಪಷ್ಟವಾದ ಒಂದು ಮಚ್ಚೆಯಾದರೂ ಇರಬೇಕೆಂಬುದು ಸಂಘದ ನಿಯಮ. ಒಂದು ಸೇಬಾದರೂ ಬಿದ್ದಿರಲೇಬೇಕು ಎನ್ನೋಣ.

ಎರಡನೆಯ ಮಹಾಯುದ್ಧದ ಬಳಿಕ ಗಾಳಿ ತಿರುಗಿತು. ಕೊಬ್ಬು ಕಡಿಮೆಯಿರುವ, ಬೇಗ ಬೆಳೆಯುವ, ಸೂರಿನಡಿಯಲ್ಲೇ ಸಾಕಬಹುದಾದ ಹಂದಿ ಪೇಟೆಗೆ ಬೇಕಾಯಿತು. 1955ರಲ್ಲಿ ಸರ್ಕಾರದ ಸಮಿತಿಯೊಂದು ಲಾರ್ಜ್ ವೈಟ್, ಲ್ಯಾಂಡ್‌ರೇಸ್, ವೆಲ್ಷ್ ಎಂಬ ಮೂರು ತಳಿಗಳ ಮೇಲೇ ಗಮನವಿಡಬೇಕೆಂದು ಸಲಹೆ ಮಾಡಿತು. ಸಮಿತಿಯನ್ನು ಸುಮ್ಮನೆ ದೂರುವಂತಿಲ್ಲ. ಮಾಂಸದ ಪಡಿತರ ನಿಂತು ಆಗಿನ್ನೂ ಒಂದೇ ವರ್ಷವಾಗಿತ್ತು. ಆದರೆ ಆ ಲೆಕ್ಕದಲ್ಲಿ ಸೇಬಿನ ತೋಪಿಗೆ ಜಾಗವಿರಲಿಲ್ಲ. ಲಿಂಕನ್‌ಶೈರಿನ ಗುಂಗುರುಕೂದಲ ಹಂದಿ 1970ರ ದಶಕದ ಆರಂಭಕ್ಕೆ ನಿರ್ವಂಶವಾಯಿತು. ಮಚ್ಚೆಹಂದಿಯನ್ನು ಬೆರಳೆಣಿಕೆಯ ಹಟಮಾರಿ ರೈತರು ಉಳಿಸಿಕೊಂಡರು. 1973ರಲ್ಲಿ ಅಪರೂಪದ ತಳಿಗಳ ಉಳಿವಿಗಾಗಿಯೇ ಬ್ರಿಟನ್ನಿನಲ್ಲಿ ಒಂದು ಟ್ರಸ್ಟ್ ಹುಟ್ಟಿತು.

ಇಲ್ಲೊಂದು ತೊಡಕಿದೆ. ಹುಲಿಯನ್ನು ಉಳಿಸಲು ಬೇಟೆ ನಿಲ್ಲಿಸಬೇಕು. ಸಾಕುಪ್ರಾಣಿಯ ವಿಷಯ ತಿರುವುಮುರುವು: ಮಾಂಸ ಕೊಳ್ಳುವವರಿಲ್ಲದಿದ್ದರೆ ಸಾಕುವವರೂ ಇರುವುದಿಲ್ಲ. ತಿಂದರೆ ಉಳಿಯುತ್ತದೆ, ಬಿಟ್ಟರೆ ಅಳಿಯುತ್ತದೆ. ಅನೇಕರ ಗಂಟಲಲ್ಲಿ ಇಳಿಯದ ಮಾತಿದು, ಆದರೂ ನಿಜ. ರುಚಿ ಬಲ್ಲ ಅಡುಗೆಯವರು ಇದರ ಕೊಬ್ಬನ್ನು ಮತ್ತೆ ಹುಡುಕಿಕೊಂಡು ಬಂದಾಗಲೇ ಹಂದಿಗೆ ಬೆಲೆ ಬಂದದ್ದು. 2010ರಲ್ಲಿ ಐರೋಪ್ಯ ಒಕ್ಕೂಟ ಸಾಂಪ್ರದಾಯಿಕ ರೀತಿಯಲ್ಲಿ ಸಾಕಿದ ಈ ತಳಿಯ ಮಾಂಸದ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು.

ಇನ್ನು ಊರಿನವರ ಅಭಿಮಾನಕ್ಕೆ ಕಾನೂನು ಬೇಕಿಲ್ಲ. ಡರ್ಸ್ಲಿ ಪಟ್ಟಣದ ಒಂದು ಪಬ್ಬಿನ ಹೆಸರೇ ‘ಓಲ್ಡ್ ಸ್ಪಾಟ್’.