ಪಟ್ಟಿಯಲ್ಲಿ ಹೆಸರಿರಲಿ, ಊರಿನಲ್ಲಿ ದನಿಯಿರಲಿ
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ಶಾಲೆಯ ಬಗ್ಗೆ ಮಾತನಾಡಲು ನನಗಿಂತ ಅರ್ಹರು ಇಲ್ಲಿದ್ದಾರೆ. ನಾನು ಈ ಶಾಲೆಯಲ್ಲಿ ಓದಿ, ಬೇರೆ ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಸರ್ಕಾರಿ ಮೇಷ್ಟ್ರು ಎಂದಮೇಲೆ ಚುನಾವಣೆ ಕೆಲಸ ತಪ್ಪಿದ್ದಲ್ಲ. ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕುಳಿತಿದ್ದೇನೆ. ಆದ್ದರಿಂದ ಇಂದು ನಿಮಗೆ ಓಟಿನ ವಿಷಯವನ್ನೇ ಹೇಳುತ್ತೇನೆ.

ಈ ಶಾಲೆಯ ಮೊದಲ ತಂಡದವರು ಹತ್ತನೇ ತರಗತಿ ಮುಗಿಸಿದಾಗ ಓಟು ಹಾಕಲು ಇಪ್ಪತ್ತೊಂದು ವರ್ಷ ತುಂಬಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದ ಮೇಲೆ ಅದು ಹದಿನೆಂಟಾಯಿತು. ಅವರು ಐದು ವರ್ಷ ಕಾಯಬೇಕಿತ್ತು, ನೀವು ಎರಡೇ ವರ್ಷ ಕಾದರೆ ಸಾಕು. ಆ ಎರಡು ವರ್ಷದಲ್ಲಿ ಏನು ಮಾಡಬೇಕು ಎಂಬುದೇ ನನ್ನ ಮಾತು.

ಮೊದಲು ಒಂದು ಹಳೆಯ ಸಂಗತಿ. 1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಅದಕ್ಕಾಗಿ ಮತದಾರರ ಪಟ್ಟಿ ಬರೆಯಲು ಹೋದವರಿಗೆ, ಮುಖ್ಯವಾಗಿ ಉತ್ತರ ಭಾರತದಲ್ಲಿ, ಬಹಳ ಮಂದಿ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಟ್ಟರು. ಕಠಿಣ ತೀರ್ಮಾನವೇ. ಆದರೆ ಅದರ ಹಿಂದಿನ ಮಾತು ದೊಡ್ಡದು. ಈ ದೇಶದಲ್ಲಿ ಓಟು ಮನೆಗೆ ಒಂದಲ್ಲ, ಕುಲಕ್ಕೆ ಒಂದಲ್ಲ. ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಒಂದು.

ಇಂದು ನಮ್ಮ ಚಿಕ್ಕಬಾಣಾವರದಲ್ಲಿ ಪಟ್ಟಿಯಿಂದ ಹೊರಗುಳಿದವರ ಕಥೆ ಬೇರೆ ಬಗೆಯದು. ಹೆಸರಘಟ್ಟ ರಸ್ತೆಯ ಆಚೀಚೆ ನೋಡಿ. ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸಿಗೆ, ಕಟ್ಟಡ ಕೆಲಸಕ್ಕೆ ಬಂದವರು ಎಷ್ಟು ಜನ! ರಾಯಚೂರು, ಯಾದಗಿರಿ, ತುಮಕೂರು, ಹಾಸನ, ಅದರಾಚೆ ಬೇರೆ ರಾಜ್ಯಗಳು. ನಿಮ್ಮಲ್ಲೇ ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮ ಹಾಗೆ ಬಂದವರಿರಬಹುದು. ಅವರು ಇಲ್ಲಿ ಬಾಡಿಗೆ ಕಟ್ಟುತ್ತಾರೆ, ಇಲ್ಲಿಯ ನೀರಿಗೆ ಕಾಯುತ್ತಾರೆ, ಇಲ್ಲಿಯ ಗುಂಡಿಯಲ್ಲಿ ಬೈಕು ಇಳಿಸುತ್ತಾರೆ. ಹೆಸರು ಮಾತ್ರ ಹುಟ್ಟಿದೂರಿನ ಪಟ್ಟಿಯಲ್ಲಿ. ಚುನಾವಣೆ ಬಂದರೆ ಬಸ್ಸು ಹತ್ತಿ ಹೋಗಬೇಕು, ಆಗದಿದ್ದರೆ ಓಟು ಇಲ್ಲ. ಇನ್ನೊಂದು ಕಡೆ, ಬಾಡಿಗೆ ಮನೆ ಬಿಟ್ಟು ಹೋದವರ ಹೆಸರುಗಳು ಇಲ್ಲಿಯ ಪಟ್ಟಿಯಲ್ಲೇ ಉಳಿದಿರುತ್ತವೆ.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು. ನಮ್ಮ ಬೆಂಗಳೂರು ಉತ್ತರದಲ್ಲಿ ಶೇ 54ರಷ್ಟು. ‘ಬೆಂಗಳೂರಿನವರು ಸೋಮಾರಿಗಳು’ ಎಂದು ಪತ್ರಿಕೆಗಳು ಬೈದವು. ಸೋಮಾರಿತನ ಇಲ್ಲವೆಂದಲ್ಲ. ಆದರೆ ಇರುವವರ ಹೆಸರು ಇಲ್ಲದೆ, ಇಲ್ಲದವರ ಹೆಸರು ಇರುವ ಪಟ್ಟಿಯಿಂದ ಹೆಚ್ಚು ಮತದಾನ ಹೇಗೆ ಬಂದೀತು? ವಿಪರ್ಯಾಸ ನೋಡಿ. ದೇಶಕ್ಕೆ ಮತಯಂತ್ರ ಮಾಡಿಕೊಡುವ ಎರಡೇ ಸಂಸ್ಥೆಗಳಲ್ಲಿ ಒಂದಾದ ಬಿಇಎಲ್ ಇರುವುದು ನಮ್ಮ ಪಕ್ಕದ ಜಾಲಹಳ್ಳಿಯಲ್ಲಿ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ಬರುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಿಂದ. ಯಂತ್ರ ನಮ್ಮದು, ಶಾಯಿ ನಮ್ಮದು. ಬೆರಳು ಮಾತ್ರ ಬರುವುದಿಲ್ಲ!

ಒಂದು ಮತಗಟ್ಟೆಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಬೆಳಿಗ್ಗೆಯೇ ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಗುರುತಿನ ಚೀಟಿ ಇತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಮೂರು ವರ್ಷದ ಹಿಂದೆ ಮನೆ ಬದಲಿಸಿದ್ದಳು. ‘ಕಾರ್ಡು ಇದೆಯಲ್ಲ ಸಾರ್’ ಎಂದು ಮತ್ತೆ ಮತ್ತೆ ಕೇಳಿದಳು. ಕಾರ್ಡು ನೀವು ಯಾರೆಂದು ಹೇಳುತ್ತದೆ, ಓಟು ಕೊಡುವುದು ಪಟ್ಟಿ. ಆ ದಿನ ಆಕೆಗಾಗಿ ಮಾಡಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ಮಾಡಬೇಕಾದದ್ದನ್ನು ತಿಂಗಳುಗಳ ಮೊದಲೇ ಮಾಡಬೇಕಿತ್ತು, ಅದನ್ನು ಆಕೆಗೆ ಹೇಳುವವರಿರಲಿಲ್ಲ.

ಹೇಳುವ ಆ ಕೆಲಸ ನಿಮ್ಮದಾಗಲಿ ಮಕ್ಕಳೇ. ಬರೆದುಕೊಳ್ಳಿ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಮನೆ ಬದಲಿಸಿದ್ದರೆ, ಹೆಸರು ತಪ್ಪಾಗಿದ್ದರೆ ನಮೂನೆ 8. ಸತ್ತವರ, ಊರು ಬಿಟ್ಟವರ ಹೆಸರು ತೆಗೆಸಲು ನಮೂನೆ 7. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿದವರಿಗೆ ಮಾತ್ರ ಅವಕಾಶವಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಸ್ವಂತ ಮನೆ ಇರಬೇಕೆಂದೇನೂ ಇಲ್ಲ, ಬಾಡಿಗೆ ಮನೆಯಲ್ಲಿ ವಾಸವಿದ್ದರೂ ಸಾಕು. ಸೋಲದೇವನಹಳ್ಳಿಯ ಕಾಲೇಜುಗಳ ಹಾಸ್ಟೆಲಿನಲ್ಲಿರುವವರೂ ಇಲ್ಲೇ ಹೆಸರು ಬರೆಸಬಹುದು. ಆದರೆ ಒಬ್ಬರ ಹೆಸರು ಒಂದೇ ಕಡೆ ಇರಬೇಕು. ಮತದಾನದ ದಿನ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಇದನ್ನೂ ಮನೆಯಲ್ಲಿ ಹೇಳಿ.

‘ನನ್ನ ಒಂದು ಓಟಿನಿಂದ ಏನಾಗುತ್ತದೆ?’ ಎನ್ನುವವರಿಗೆ ಸಂತೆಮರಹಳ್ಳಿಯ ಉದಾಹರಣೆ ಕೊಡಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು. ಅದು ಹಳ್ಳಿಗಾಡು ಎನ್ನುತ್ತೀರಾ? 2023ರಲ್ಲಿ ಬೆಂಗಳೂರಿನ ಜಯನಗರ ತೀರ್ಮಾನವಾದದ್ದು 16 ಮತಗಳಿಂದ. ಹದಿನಾರು ಮಂದಿ ಎಂದರೆ ನಿಮ್ಮ ತರಗತಿಯ ಒಂದು ಸಾಲು!

ಓಟಿಗೆ ಬೆಲೆ ಕಟ್ಟುವವರೂ ಬರುತ್ತಾರೆ. ಕುಕ್ಕರ್ ಬರುತ್ತದೆ, ಸೀರೆ ಬರುತ್ತದೆ, ನೋಟು ಬರುತ್ತದೆ. ಎರಡು ಸಾವಿರ ಎಂದೇ ಇಟ್ಟುಕೊಳ್ಳಿ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅದಕ್ಕಿಂತ ಕೆಟ್ಟದ್ದೆಂದರೆ, ತೆಗೆದುಕೊಂಡವನು ನಾಳೆ ಚರಂಡಿ ಕಟ್ಟಿಕೊಂಡಾಗ ಬಾಯಿ ಬಿಡಲಾರ. ‘ನಿನ್ನ ಲೆಕ್ಕ ಚುಕ್ತಾ ಆಗಿದೆ’ ಎಂದು ಎದುರಿನವನು ಹೇಳದಿದ್ದರೂ ಇವನಿಗೆ ಕೇಳಿಸುತ್ತದೆ.

ಇನ್ನು ಓಟು ಹಾಕಿದ ಮೇಲಿನ ಮಾತು. ನಮ್ಮೂರು ಗ್ರಾಮ ಪಂಚಾಯಿತಿಯಾಗಿದ್ದಾಗ ನಾನೂರು ಜನಕ್ಕೊಬ್ಬ ಸದಸ್ಯ ಎಂಬ ಲೆಕ್ಕವಿತ್ತು. ಗ್ರಾಮಸಭೆ ಎಂಬುದಿತ್ತು. ಯಾವ ಮತದಾರನಾದರೂ ಅಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದಿತ್ತು. ಈಗ ನಾವು ಪುರಸಭೆ. ಊರು ಬೆಳೆಯಿತು, ಸಂತೋಷ. ಆದರೆ ಗ್ರಾಮಸಭೆ ಹೋಯಿತು, ಒಂದೊಂದು ವಾರ್ಡಿಗೆ ಜನ ಹೆಚ್ಚಾದರು. ಕೇಳುವ ಅಭ್ಯಾಸವೂ ಅದರ ಜೊತೆ ಹೋಗಬಾರದು. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಹೋದದ್ದು 1890ರ ದಶಕದಲ್ಲಿ, ನಮ್ಮ ಹೆಸರಘಟ್ಟ ಕೆರೆಯಿಂದ. ಇಂದು ಅದೇ ಹೆಸರಘಟ್ಟ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಓಡಾಡುತ್ತದೆ. ನೀರು ಯಾವ ಕಡೆ ಹರಿಯಬೇಕೆಂಬ ತೀರ್ಮಾನ ಯಾವುದೋ ಒಂದು ಸಭೆಯಲ್ಲಿ ಆಗುತ್ತದೆ. ಆ ಸಭೆಗೆ ಯಾರು ಹೋಗಬೇಕು ಎಂಬುದನ್ನು ಓಟು ನಿರ್ಧರಿಸುತ್ತದೆ. ಹೋದವರು ಏನು ಮಾಡಿದರು ಎಂದು ಕೇಳುವುದು ಮಾತ್ರ ನಮ್ಮ ಪ್ರತಿದಿನದ ಕೆಲಸ.

ಕೇಳುವುದಕ್ಕೆ ಹದಿನೆಂಟು ಆಗಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಉರಿಯದ ದೀಪಗಳ ಕಂಬದ ಸಂಖ್ಯೆ ಬರೆದುಕೊಳ್ಳಿ. ಕಸದ ಗಾಡಿ ಬಾರದ ದಿನಗಳನ್ನು ಗುರುತು ಹಾಕಿಕೊಳ್ಳಿ. ಬಿಳಿ ಹಾಳೆಯಲ್ಲಿ ಮನವಿ ಬರೆದು, ಹತ್ತು ಮನೆಯವರ ಸಹಿ ಹಾಕಿಸಿ, ಪುರಸಭೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಆ ಮುದ್ರೆ ಬಹಳ ಮುಖ್ಯ. ತಿಂಗಳಾದರೂ ಉತ್ತರ ಬರದಿದ್ದರೆ ದೊಡ್ಡವರಿಂದ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿಸಿ. 2005ರ ಆ ಕಾಯ್ದೆಯ ಪ್ರಕಾರ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬೈಗುಳ ಬೇಡ, ಕಲ್ಲು ಬೇಡ. ಕಾಗದ, ತಾರೀಕು, ತಾಳ್ಮೆ, ಈ ಮೂರು ಸಾಕು.

ಸುವರ್ಣ ಮಹೋತ್ಸವದ ನೆನಪಿಗೆ ನನ್ನದೊಂದು ಸಲಹೆ. ಈ ಶಾಲೆಯ ಪ್ರತಿ ಹತ್ತನೇ ತರಗತಿಯ ವಿದ್ಯಾರ್ಥಿಯೂ ಶಾಲೆ ಬಿಡುವ ಮುನ್ನ ತನ್ನ ಮನೆಯ, ಅಕ್ಕಪಕ್ಕದ ಎರಡು ಮನೆಗಳ ದೊಡ್ಡವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅರ್ಜಿ ತುಂಬಲು ನೆರವಾಗಲಿ. ಯಾರಿಗೆ ಓಟು ಹಾಕಬೇಕೆಂದು ಹೇಳುವುದು ಬೇಡ, ಅದು ಅವರವರ ಮನಸ್ಸು. ಪ್ರತಿ ವರ್ಷ ಜನವರಿ 25ರಂದು, ರಾಷ್ಟ್ರೀಯ ಮತದಾರರ ದಿನ, ಎಷ್ಟು ಹೆಸರು ಸೇರಿದವು ಎಂದು ಶಾಲೆಯ ಫಲಕದಲ್ಲಿ ಬರೆಯಿರಿ. ಪರೀಕ್ಷೆಯ ಫಲಿತಾಂಶದ ಪಕ್ಕದಲ್ಲೇ ಆ ಅಂಕಿಯೂ ಇರಲಿ.

ನಮ್ಮ ಶಾಲೆ ಶತಮಾನೋತ್ಸವ ಕಾಣಲಿ.