ನಮ್ಮ ಉಸಿರಿನ ಲೆಕ್ಕ ನಾವೇ ಇಡೋಣ

(ಜೇವರ್ಗಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಭೀಮಾ ದಾಟಿದರೆ ಶಹಾಬಾದ್. ಅಲ್ಲಿಯ ಫರ್ಸಿ ಮೇಲೆ ಎಷ್ಟೋ ಊರುಗಳ ಜನ ನಡೀತಾರೆ. ಕಲ್ಲು ಒಡೆಯೋರು ಯಾರು, ದೂಳು ಕುಡಿಯೋರು ಯಾರು ಅಂತ ನಾನು ನಿಮಗೆ ಹೇಳಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಅಪ್ಪನ ಕೆಮ್ಮು ಕೇಳಿ, "ದಮ್ಮು ಅದ, ಬೀಡಿ ಬಿಡು" ಅಂದು ಸುಮ್ಮನಾಗ್ತೀವಿ. ಖಣಿ ಮಾಲೀಕನೂ ಇದನ್ನೇ ಅಂತಾನೆ. ಅವನ ಮಾತು ನಮ್ಮ ಬಾಯಿಗೆ ಯಾಕೆ ಬಂತು?

ಬೀಡಿಯೂ ಕೊಲ್ತದೆ, ಹೌದು. ದೂಳು ಎಷ್ಟು ಕೊಂದಿತು ಅಂತ ಕೇಳೋಣ. ಅದಕ್ಕೊಂದು ಪರೀಕ್ಷೆ ಅದ: ಸ್ಪೈರೋಮೆಟ್ರಿ. ಎದೆ ತುಂಬ ಉಸಿರು ಎಳೆದು, ಕೊಳವೆಯೊಳಗೆ ಒಂದೇ ಬಿರುಸಿಗೆ ಪೂರ್ತಿ ಊದಬೇಕು. ಒಟ್ಟು ಎಷ್ಟು ಗಾಳಿ ಬಂತು, ಮೊದಲನೇ ಸೆಕೆಂಡಿನಲ್ಲಿ ಎಷ್ಟು ಬಂತು, ಇವೆರಡೇ ಮುಖ್ಯ ಲೆಕ್ಕ. ಮೊದಲ ಸೆಕೆಂಡಿನ ಪಾಲು ತೀರಾ ಕಡಿಮೆಯಾದರೆ ಶ್ವಾಸನಾಳ ಕಟ್ಟಿದೆ ಅಂತ. ಆ ಪಾಲು ಸರಿಯಿದ್ದೂ ಒಟ್ಟು ಗಾಳಿಯೇ ಕುಗ್ಗಿದರೆ, ಪುಪ್ಪುಸ ಗಡುಸಾಗಿರಬಹುದು. ಸಿಲಿಕಾ ದೂಳು ಇದನ್ನೂ ಮಾಡ್ತದೆ, ಅದನ್ನೂ ಮಾಡ್ತದೆ. ಶುರುವಿನಲ್ಲಿ ಊದುವ ಪರೀಕ್ಷೆಗೆ ಏನೂ ಸಿಗದೆ ಹೋಗಬಹುದು; ಅದಕ್ಕೇ ಎಕ್ಸ್‌ರೇ ಕೂಡ ಬೇಕು.

ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿ ನೆನಪಿಡಿ. ಅಲ್ಲಿ ಆಳಕ್ಕಿಳಿದವರಲ್ಲಿ ಬಹುಪಾಲು ಅಸ್ಪೃಶ್ಯರೆನಿಸಿಕೊಂಡ ತಮಿಳು ಜನ. 1947ರ ವರದಿಯಲ್ಲಿ, ತಪಾಸಣೆಯಾದ 7,653 ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್. ಚಿನ್ನ ಹೊರಗೆ ಹೋಯಿತು, ಕಲ್ಲು ಎದೆಯೊಳಗೆ ಉಳಿಯಿತು.

ಇನ್ನೊಂದು ಮಾತು. ಈ ಯಂತ್ರಕ್ಕೂ ಜಾತಿ ಕಲಿಸಿದ್ದರು. 1846ರಲ್ಲಿ ಲಂಡನ್ನಿನ ಹಚಿನ್ಸನ್ ಇದರ ಬಗ್ಗೆ ಬರೆದ. ಕೆಲವೇ ವರ್ಷಗಳಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ಗುಲಾಮಗಿರಿಯ ವಕಾಲತ್ತಿನ ಡಾಕ್ಟರು, ಕರಿಯರ ಪುಪ್ಪುಸವೇ ಹುಟ್ಟಿನಿಂದ ಕಡಿಮೆ, ದುಡಿಸಿದರೆ ಅವರಿಗೇ ಒಳ್ಳೇದು ಅಂದ. ಆ ವಿಚಾರ ಯಂತ್ರದ ಲೆಕ್ಕದೊಳಗೇ ಸೇರಿತು. ಭಾರತೀಯರಿಗೂ ಬಿಳಿಯರ ಅಳತೆಯಿಂದ ನೂರಕ್ಕೆ ಹತ್ತು ಕಳೆದು ನೋಡುವ ರೂಢಿ ಬಂತು. ಅಮೆರಿಕದ ಎದೆರೋಗ ತಜ್ಞರ ಸಂಘ ಜನಾಂಗದ ಲೆಕ್ಕ ಬಿಡಿ ಅಂದದ್ದು 2023ರಲ್ಲಿ! ಅರೆಹೊಟ್ಟೆಯಲ್ಲಿ, ಒಲೆಯ ಹೊಗೆಯಲ್ಲಿ ಬೆಳೆದ ಎದೆ ಸಣ್ಣದಾದರೆ ಅದು ಹುಟ್ಟಲ್ಲ, ಅನ್ಯಾಯ. "ನಿಮ್ಮ ಮಂದಿಗೆ ಇಷ್ಟೇ ಸಾಕು" ಅನ್ನೋ ಮಾತು ಕೇರಿಯಲ್ಲಿ ಕೇಳಿದವರು ನಾವು. ಆಸ್ಪತ್ರೆಯಲ್ಲೂ ಕೇಳಬೇಕೇ?

ಆದ್ದರಿಂದ ಮನುಷ್ಯನನ್ನು ಅವನದೇ ಹಳೆಯ ಉಸಿರಿನ ಜೊತೆಗೂ ಹೋಲಿಸಿ ನೋಡಬೇಕು. ಖಣಿಗಿಳಿಯುವ ಮೊದಲು ಒಂದು ಪರೀಕ್ಷೆ, ಆಮೇಲೆ ವರ್ಷಕ್ಕೊಂದು. ಆ ಕಾಗದ ಮನೆಯ ಪೆಟ್ಟಿಗೆಯಲ್ಲಿರಲಿ. ವರ್ಷ ವರ್ಷ ಇಳಿದದ್ದು ಕಂಡರೆ ದೂಳಿನಿಂದ ಹೊರಗೆ ಬರುವ ದಾರಿ ಹುಡುಕಬಹುದು, ಪರಿಹಾರ ಕೇಳಬಹುದು. ಸಿಲಿಕೋಸಿಸ್ ವಾಸಿಯಾಗೋದಿಲ್ಲ, ತಡೀಬಹುದು. ನೀರು ಹಾಕಿ ಕೊರೆದರೆ ದೂಳು ಏಳೋದು ಕಡಿಮೆ. ಆ ನೀರು ಮಾಲೀಕನ ಜವಾಬ್ದಾರಿ.

ನೀವು ಓದು ಬಲ್ಲವರು. ಈ ರಜೆಯಲ್ಲಿ ಅಪ್ಪನ, ಅವ್ವನ ಕೆಲಸದ ಚರಿತ್ರೆ ಬರೀರಿ: ಯಾವ ಖಣಿ, ಎಷ್ಟು ವರ್ಷ, ಯಾವಾಗ ಕೆಮ್ಮು ಶುರು. ಆ ಪಟ್ಟಿ ಹಿಡಿದು, ಈ ಪರೀಕ್ಷೆ ನಮ್ಮ ಜನಕ್ಕೆ ತಾಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗಲಿ ಅಂತ ಒಟ್ಟಾಗಿ ಕೇಳೋಣ. ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೆದದ್ದು ಸಾಕು. ಒಂದು ಹಾಳೆ ಮೇಲೆ ಬರೆಯೋಣ.

ಜೈಭೀಮ್.