ಉತ್ತರಕ್ಕೆ ಕಾಯುವ ಪಾಠ

ಅಡ್ಮಿಷನ್ ಕಾಲ ಬಂತೆಂದರೆ ಬೆಂಗಳೂರಿನ ಸುಂಕದಕಟ್ಟೆಯಿಂದ ಬ್ಯಾಡರಹಳ್ಳಿವರೆಗೆ ಮಾಗಡಿ ರಸ್ತೆಯುದ್ದಕ್ಕೂ ಶಾಲೆಗಳ ಬ್ಯಾನರುಗಳು ಏಳುತ್ತವೆ. ‘ಸ್ಮಾರ್ಟ್ ಕ್ಲಾಸ್’ ಎಂಬ ಮಾತಿಲ್ಲದ ಬ್ಯಾನರು ಅಪರೂಪ. ಪೀಣ್ಯದ ಕಾರ್ಖಾನೆಗೋ ಗಾರ್ಮೆಂಟ್ಸಿಗೋ ಹೋಗಿ ದುಡಿಯುವ ನಮ್ಮ ಹೇರೋಹಳ್ಳಿಯ ಅಪ್ಪ ಅಮ್ಮ ಆ ಮಾತನ್ನು ನಂಬಿ ಫೀಸು ಕಟ್ಟುತ್ತಾರೆ. ಅವರ ಆಸೆ ನ್ಯಾಯವಾದದ್ದು. ಕೈಯಲ್ಲಿ ಮೊಬೈಲ್ ಹಿಡಿದೇ ಬೆಳೆದ ಮಗುವಿಗೆ ಹಳೆಯ ಪಾಠ ಸಾಲದು ಎಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಹಳೆಯದರಲ್ಲಿ ಕೊರತೆ ಇದ್ದದ್ದು ಎಲ್ಲಿ? ಕಪ್ಪುಹಲಗೆಯಲ್ಲೋ, ಅಥವಾ ನಲವತ್ತು ಮಕ್ಕಳಿಗೆ ಒಂದೇ ವೇಗದಲ್ಲಿ ಪಾಠ ಹೇಳಿ ಮುಗಿಸುವ ಪದ್ಧತಿಯಲ್ಲೋ? ಹಲಗೆ ಬದಲಿಸಿ ಪದ್ಧತಿಯನ್ನು ಹಾಗೇ ಉಳಿಸಿಕೊಂಡರೆ ದುಡ್ಡು ಖರ್ಚಾಗುತ್ತದೆ, ಕಲಿಕೆ ಆಗುವುದಿಲ್ಲ ಎಂಬುದು ನನ್ನ ವಾದ. ಮಗುವಿನ ಉತ್ತರವನ್ನು ಕೇಳಿಸಿಕೊಂಡು, ಅದಕ್ಕೆ ತಕ್ಕಂತೆ ಮುಂದಿನ ಹೆಜ್ಜೆ ಇಡಲು ಮೇಷ್ಟ್ರಿಗೆ ನೆರವಾಗುವ ಉಪಕರಣಕ್ಕೆ ಮಾತ್ರ ಶಾಲೆಯಲ್ಲಿ ಜಾಗವಿರಬೇಕು.

ಉಪಕರಣದ ಮೂಲಕ ಪಾಠ ಹೇಳುವ ಪ್ರಯೋಗ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಯೋಜನೆಯಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ಬಂದವು, ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಎಜುಸ್ಯಾಟ್ ಉಡಾವಣೆಯಾದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಉಪಗ್ರಹ ಪಾಠ ಕಂಡವು. ಇವುಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆಕಾಶವಾಣಿಯಲ್ಲಿ ಬರುತ್ತಿದ್ದ ‘ಚಿಣ್ಣರ ಚುಕ್ಕಿ’ಯಂಥ ರೇಡಿಯೊ ಪಾಠ. ರೇಡಿಯೊದ ದನಿ ಪ್ರಶ್ನೆ ಕೇಳಿ ಒಂದಿಷ್ಟು ಹೊತ್ತು ಸುಮ್ಮನಾಗುತ್ತಿತ್ತು. ಆ ಬಿಡುವಿನಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು, ಎದ್ದು ಕುಣಿಯಬೇಕು. ರೇಡಿಯೊಗೆ ಅವರ ಮಾತು ಕೇಳಿಸದು ನಿಜ, ಪಕ್ಕದಲ್ಲೇ ನಿಂತ ಟೀಚರಿಗೆ ಕೇಳಿಸುತ್ತಿತ್ತು. ಎಲ್ಲಕ್ಕಿಂತ ಅಗ್ಗದ ಪೆಟ್ಟಿಗೆಗೆ ಕಾಯುವುದು ಗೊತ್ತಿತ್ತು. ಲಕ್ಷಾಂತರ ರೂಪಾಯಿಯ ಪರದೆಯ ಮೇಲೆ ಓಡುವ ಎಷ್ಟೋ ವಿಡಿಯೊಗಳಿಗೆ ಇಂದಿಗೂ ಅದು ಗೊತ್ತಿಲ್ಲ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ, ಉತ್ತರಕ್ಕೆ ಕಾಯುವ ಪಾಠಕ್ಕೂ ಕಾಯದ ಪಾಠಕ್ಕೂ ಇರುವ ಈ ವ್ಯತ್ಯಾಸ ಬಯಲಾಯಿತು. ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಮಕ್ಕಳನ್ನು ಮೂರು ಗುಂಪು ಮಾಡಿತು: ಮೊಬೈಲೇ ಇಲ್ಲದವರು, ಮಾತಾಡಲಷ್ಟೇ ಆಗುವ ಮೊಬೈಲಿದ್ದವರು, ಇಂಟರ್ನೆಟ್ ಇದ್ದವರು. ಮೇಷ್ಟ್ರುಗಳು ಅರಳಿಕಟ್ಟೆ, ಗುಡಿಯ ಜಗುಲಿಗಳಲ್ಲಿ ವಠಾರ ಶಾಲೆ ನಡೆಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ಅಧ್ಯಯನ ಮಾಡಿ 2021ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಶೇ. 92 ಮಕ್ಕಳು ಕಳೆದುಕೊಂಡಿದ್ದರು; ಗಣಿತದಲ್ಲಿ ಶೇ. 82. ಎಲ್ಲರಿಗೂ ಒಂದೊಂದು ಸ್ಮಾರ್ಟ್‌ಫೋನ್ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಎನ್ನುವವರಿದ್ದಾರೆ. 2021ರ ‘ಅಸರ್’ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ. 67.6 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಅಪ್ಪ ಕೆಲಸಕ್ಕೆ ಹೋದರೆ ಫೋನೂ ಜೊತೆಗೇ ಹೋಗುತ್ತದೆ. ಕೈಗೆ ಸಿಕ್ಕರೂ ಸಾಲದು ಎನ್ನುವುದಕ್ಕೆ ಪೆರು ದೇಶ ಸಾಕ್ಷಿ: ಅಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿ ನೋಡಿದರೆ ಗಣಿತವೂ ಸುಧಾರಿಸಲಿಲ್ಲ, ಭಾಷೆಯೂ ಸುಧಾರಿಸಲಿಲ್ಲ.

ಹಾಗಾದರೆ ಕೆಲಸ ಮಾಡುವುದು ಯಾವುದು? ಉತ್ತರದ ಅರ್ಧ ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಆ ಕೋಣೆಯನ್ನು ಹತ್ತಿರದಿಂದ ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ, ಅದರ ಒಂದೊಂದು ಮೆಟ್ಟಿಲಿಗೂ ಚಿತ್ರದ ಗುರುತು. ಮಗು ತಾನು ನಿಂತ ಮೆಟ್ಟಿಲು ಹುಡುಕಿ, ಅದೇ ಗುರುತಿನ ಕಾರ್ಡು ತೆಗೆದುಕೊಂಡು, ತನ್ನ ‘ತಟ್ಟೆ’ಗೆ ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರೇ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಗೆಳತಿ ಹೇಳಿಕೊಡುತ್ತಾಳೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ಮುಗಿದದ್ದು ‘ಪ್ರಗತಿ ನೋಟ’ದಲ್ಲಿ ದಾಖಲಾಗುತ್ತದೆ. ಇಂದು ಕಂಪನಿಗಳು ದುಬಾರಿ ಬೆಲೆಗೆ ಮಾರುತ್ತಿರುವ, ‘ಪ್ರತಿ ಮಗುವಿಗೂ ಅದರದೇ ದಾರಿ’ ಎಂಬ ತಂತ್ರಾಂಶದ ತಿರುಳು ರಟ್ಟಿನ ಕಾರ್ಡುಗಳಲ್ಲಿ ಆಗಲೇ ಇತ್ತು.

ನಲಿ-ಕಲಿಗೆ ಮೇಷ್ಟ್ರುಗಳೇ ಆಕ್ಷೇಪ ಎತ್ತುತ್ತಾರೆ, ಅದರಲ್ಲಿ ತೂಕವಿದೆ. ಮೂರು ತರಗತಿ ಒಟ್ಟಿಗೆ ಕೂಡಿಸಿ, ಒಬ್ಬರೇ ಶಿಕ್ಷಕರನ್ನು ಕೊಟ್ಟು, ನೂರಾರು ಕಾರ್ಡು ಸಂಭಾಳಿಸಿ ಎಂದರೆ ಪದ್ಧತಿ ಕಾಗದದಲ್ಲಷ್ಟೇ ಉಳಿಯುತ್ತದೆ. ಮಕ್ಕಳ ಓದು ಹಿಂದೆ ಬಿದ್ದಿರುವುದು ಸಮೀಕ್ಷೆಗಳಲ್ಲೂ ಕಾಣುತ್ತಿದೆ. ತಂತ್ರಜ್ಞಾನ ಬೇಕಾಗಿರುವುದು ಸರಿಯಾಗಿ ಇಲ್ಲೇ. ಪ್ರಗತಿ ನೋಟ ತುಂಬುವ ಕೆಲಸವನ್ನು ಫೋನು ಮಾಡಲಿ. ದಶಕ ತೆಗೆದುಕೊಂಡು ಕಳೆಯುವಲ್ಲಿ ತಡವರಿಸುತ್ತಿರುವ ಆರು ಮಕ್ಕಳು ಯಾರೆಂದು ಬೆಳಿಗ್ಗೆಯೇ ಟೀಚರಿಗೆ ತೋರಿಸಲಿ. ಈಗ ಆಗುತ್ತಿರುವುದು ಉಲ್ಟಾ: ಶಾಲೆಗೆ ಬಂದ ತಂತ್ರಜ್ಞಾನದ ಬಹುಪಾಲು ಮಾಹಿತಿಯನ್ನು ಮೇಲಕ್ಕೆ ಕಳಿಸುವುದಕ್ಕಿದೆ. ಇಲಾಖೆಯ ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಎಂಟ್ರಿ ಮಾಡುತ್ತಾ ಕೂತ ಶಿಕ್ಷಕಿಗೆ ಎದುರಿನ ಮಗುವಿನ ಮಾತು ಕೇಳಿಸುವುದಾದರೂ ಹೇಗೆ?

ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಪ್ರತಿ ಮಗುವಿಗೂ ಉತ್ತರ ಕೊಡುತ್ತದೆ, ಇನ್ನು ಮೇಷ್ಟ್ರು ಯಾಕೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶವನ್ನು ದೆಹಲಿಯಲ್ಲಿ ಪರೀಕ್ಷಿಸಿದಾಗ ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಗಣನೀಯ ಸುಧಾರಣೆ ಕಂಡಿತು. ಪಠ್ಯಕ್ಕಿಂತ ವರ್ಷಗಟ್ಟಲೆ ಹಿಂದಿದ್ದ ಮಕ್ಕಳನ್ನು ಅದು ಅವರು ಇದ್ದಲ್ಲಿಂದಲೇ ಎತ್ತಿಕೊಂಡಿತು. ಆದರೆ ದಿನದ 90 ನಿಮಿಷದಲ್ಲಿ ಕಂಪ್ಯೂಟರಿನ ಮುಂದೆ ಕೂತದ್ದು ಅರ್ಧ ಹೊತ್ತು. ಉಳಿದರ್ಧ ಸಣ್ಣ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ಆ ಅರ್ಧವನ್ನು ಬಿಟ್ಟು ಯಂತ್ರವನ್ನಷ್ಟೇ ಹೊಗಳಿದರೆ ಪ್ರಯೋಗವನ್ನು ಅರ್ಧ ಓದಿದಂತೆ. ಬೋಟ್ಸ್‌ವಾನಾದಲ್ಲಿ 2020ರಲ್ಲಿ ನಡೆದ ಪ್ರಯೋಗ ಇನ್ನೂ ಸ್ಪಷ್ಟ. ಮನೆಗೆ ಲೆಕ್ಕಗಳನ್ನು ಬರೀ ಎಸ್‌ಎಂಎಸ್ ಮಾಡಿದರೆ ಹೆಚ್ಚೇನೂ ಆಗಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಮಗುವಿನ ಜೊತೆ ಮಾತಾಡಿ ಲೆಕ್ಕ ಮಾಡಿಸಿದಾಗ ಕಲಿಕೆ ಏರಿತು. ಅದೂ ಸಾದಾ ಫೋನಿನಲ್ಲಿ.

ಆ ವಿಧಾನವನ್ನು ನಮ್ಮ ರಾಜ್ಯವೂ ‘ಗಣಿತ ಗಣಕ’ ಎಂಬ ಹೆಸರಿನಲ್ಲಿ ತಂದಿದೆ. ಸರ್ಕಾರಿ ಶಾಲೆಯ ಶಿಕ್ಷಕರು ಮನೆಗೆ ಫೋನ್ ಮಾಡಿ, ಮಗುವಿನ ಮಟ್ಟ ನೋಡಿ, ಕೂಡುವ ಕಳೆಯುವ ಲೆಕ್ಕ ಹೇಳಿಕೊಡುತ್ತಾರೆ. ಬ್ಯಾನರಿನ ಮೇಲೆ ಹಾಕಿಸಲು ಇದರಲ್ಲಿ ಚಂದದ ಚಿತ್ರವೇನೂ ಸಿಗದು. ಹೇರೋಹಳ್ಳಿಯ ತಂದೆತಾಯಿ ಸರ್ಕಾರಿ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೋ ಖಾಸಗಿ ಶಾಲೆಯ ಪೋಷಕರ ಸಭೆಗೋ ಹೋದಾಗ ಪರದೆ ಎಷ್ಟು ಇಂಚಿನದು ಎಂದು ಕೇಳುವುದು ಬೇಡ. ನನ್ನ ಮಗಳಿಗೆ ಯಾವ ಲೆಕ್ಕ ಬರುತ್ತಿಲ್ಲ, ಅದು ನಿಮಗೆ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಈ ವಾರ ಏನು ಮಾಡಿದಿರಿ ಎಂದು ಕೇಳಿ. ಈ ಮೂರಕ್ಕೂ ಉತ್ತರ ಕೊಡುವ ಶಾಲೆಯಲ್ಲಿ ಟ್ಯಾಬ್ಲೆಟ್ ಇದ್ದರೆ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೂ ನಿಮ್ಮ ಮಗು ಕಲಿಯುತ್ತಿದೆ.